ಕಾಂಕ್ರೀಟ್ ಮಾನದಂಡದ ಕರಡು ಪ್ರತಿಗೆ ನಾನು ಅಭಿಪ್ರಾಯ ಬರೆದದ್ದು ಹೀಗೆ

ಕಾಂಕ್ರೀಟ್ ಕಲಸಿ ಸೈಟಿಗೆ ಕಳಿಸುವ ಬೆಂಗಳೂರಿನ ಒಂದು ರೆಡಿಮಿಕ್ಸ್ ಪ್ಲಾಂಟಿನಲ್ಲಿ ಕ್ವಾಲಿಟಿ ನೋಡಿಕೊಳ್ಳುವುದು ನನ್ನ ಕೆಲಸ. ಸಿಮೆಂಟ್, ಜಲ್ಲಿ, ಎಂ-ಸ್ಯಾಂಡ್ ಎಷ್ಟೆಷ್ಟು ಎಂದು ಚೀಟಿಯಲ್ಲಿ ಬರೆಯುತ್ತೇನೆ, ಬಲ ಎಷ್ಟಿದೆ ಎಂದು ತಿಳಿಯಲು ಕಾಂಕ್ರೀಟಿನ ಮಾದರಿ ಕ್ಯೂಬ್ ಒಡೆದು ನೋಡುತ್ತೇನೆ. ಸಾಮಗ್ರಿ ತಯಾರಾಗುವಾಗಲೇ ಗಾಳಿಗೆ ಸೇರುವ ಇಂಗಾಲ, ಅಂದರೆ ಎಂಬಾಡಿಡ್ ಕಾರ್ಬನ್, ಎಷ್ಟಿರಬೇಕು ಅನ್ನೋದು ಆ ಚೀಟಿಯಲ್ಲೇ ದೊಡ್ಡ ಮಟ್ಟಿಗೆ ತೀರ್ಮಾನವಾಗುತ್ತದೆ.

ಸಿಮೆಂಟಿನ ಮುಖ್ಯ ಭಾಗವಾದ ಕ್ಲಿಂಕರ್ ಮಾಡಲು ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿಯಲ್ಲಿ ಸುಡಬೇಕು. ಹೊರಬರುವ ಇಂಗಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಇಂಧನದಿಂದಲ್ಲ, ಕಲ್ಲಿನಿಂದಲೇ. ಹಾಗಾಗಿ ಕ್ಲಿಂಕರ್ ಕಡಿಮೆ ಬಳಸುವುದೇ ನಮ್ಮ ಕೈಲಿರುವ ದಾರಿ. ನಮಗೆ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳ ಸ್ಲ್ಯಾಗ್ ಪುಡಿ, ಅಂದರೆ ಕುಲುಮೆಯ ಕಿಟ್ಟದ ಪುಡಿ, ಸಿಗುತ್ತದೆ. ಘನ ಮೀಟರಿಗೆ 340 ಕಿಲೋ ಸಿಮೆಂಟ್ ಹಾಕುವ ಕಡೆ ಅದರಲ್ಲಿ ಅರ್ಧದ ಬದಲು ಸ್ಲ್ಯಾಗ್ ಹಾಕಿದರೆ, ನನ್ನ ಲೆಕ್ಕದಲ್ಲಿ ಸುಮಾರು 130 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುವುದು ತಪ್ಪುತ್ತದೆ.

ತೊಡಕು 28ನೇ ದಿನದ್ದು. ಕಾಂಕ್ರೀಟಿನ ಬಲವನ್ನು ರೂಢಿಯಾಗಿ ಅಳೆಯುವುದು ಆ ದಿನ ಒಡೆದ ಕ್ಯೂಬಿನಿಂದ. ಸ್ಲ್ಯಾಗ್ ನಿಧಾನವಾಗಿ ಗಟ್ಟಿಯಾಗುತ್ತದೆ. 28 ದಿನಕ್ಕೆ ಅಂಚಿನಲ್ಲಿ ನಿಂತ ಕ್ಯೂಬುಗಳು 56ಕ್ಕೆ ಆರಾಮಾಗಿ ದಾಟುತ್ತವೆ. ಆದರೆ ಬಿಲ್ ಪಾಸಾಗುವುದು 28ರ ರಿಪೋರ್ಟ್ ಮೇಲೆ, ಆದ್ದರಿಂದ ಎಲ್ಲರೂ ಸಿಮೆಂಟ್ ಏರಿಸುತ್ತಾರೆ. ಫುಟಿಂಗ್, ಅಂದರೆ ಕಂಬದ ಕೆಳಗಿನ ಅಡಿಪಾಯದ ಮೇಲೆ ಪೂರ್ತಿ ಭಾರ ಬೀಳುವುದು ಎಷ್ಟೋ ತಿಂಗಳ ನಂತರ ಅಲ್ವಾ? ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡವಾದ ಐಎಸ್ 456:2000ರಲ್ಲಿ, ಪುರಾವೆ ಇದ್ದರೆ 28 ದಿನದ ನಂತರದ ಬಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ಅವಕಾಶ ಇದೆ. ಆ ಸಾಲನ್ನು ನೆಚ್ಚಿ ಸಹಿ ಹಾಕುವ ಎಂಜಿನಿಯರ್ ಮಾತ್ರ ನನಗೆ ಅಪರೂಪಕ್ಕೆ ಸಿಕ್ಕಿದ್ದಾರೆ.

ಇಂಥ ಮಾನದಂಡಗಳನ್ನು ರೂಪಿಸುವ ಭಾರತೀಯ ಮಾನಕ ಬ್ಯೂರೋ ತನ್ನ ಕರಡುಗಳನ್ನು ಸಾರ್ವಜನಿಕರ ಮುಂದಿಡುತ್ತದೆ. ಯಾರು ಬೇಕಾದರೂ ಬರೆಯಬಹುದು. ಸೈಟಿನಲ್ಲಿ ಬೆವರು ಸುರಿಸುವವರು ಅಲ್ಲಿಗೆ ಬರೆಯುವುದೇ ಕಡಿಮೆ, ಅದು ನನಗೆ ಬೇಸರದ ಸಂಗತಿ. ಕಾಂಕ್ರೀಟಿಗೆ ಸಂಬಂಧಿಸಿದ ಕರಡೊಂದು ಬಂದಾಗ ನಾನು ಬರೆಯಲು ಕೂತೆ.

'ಪರಿಸರ ಉಳಿಸಿ' ಅಂತ ಸುಮ್ನೆ ಬರೆದರೆ ಸಮಿತಿಗೆ ಅದರಿಂದ ಏನೂ ಮಾಡಲಾಗದು. ಅವರ ನಮೂನೆ ಕೇಳುವುದು ಕಲಮು ಯಾವುದು, ಏನು ಬದಲಾಗಬೇಕು, ಯಾಕೆ ಎಂದು. ನಾನು ಒಂದೇ ವಿಷಯ ಹಿಡಿದೆ: ಅಡಿಪಾಯದ ಬಗೆಗಳಾದ ಫುಟಿಂಗ್, ರಾಫ್ಟ್, ಪೈಲ್‌ಗಳಿಗೆ ಮೊದಲೇ ಒಪ್ಪಿಕೊಂಡಿದ್ದರೆ 56 ದಿನದ ಬಲವನ್ನು ಅಂಗೀಕರಿಸಬಹುದು ಎಂದು ಸ್ಪಷ್ಟವಾಗಿ ಹೇಳಿ. ಸಮಿತಿ ನೇರವಾಗಿ ಸೇರಿಸಿಕೊಳ್ಳಬಹುದಾದ ವಾಕ್ಯವನ್ನೇ ಬರೆದುಕೊಟ್ಟೆ. ಜೊತೆಗೆ 7, 28, 56 ದಿನಗಳ ಕ್ಯೂಬ್ ಫಲಿತಾಂಶ ಇಟ್ಟೆ. ಸೋತ ಕ್ಯೂಬುಗಳನ್ನೂ ಬಿಡಲಿಲ್ಲ. ಒಳ್ಳೆಯದನ್ನಷ್ಟೇ ಆರಿಸಿ ಕೊಟ್ಟರೆ ಲ್ಯಾಬ್ ಬಲ್ಲವರು ತಕ್ಷಣ ಹಿಡಿಯುತ್ತಾರೆ.

ಸ್ಲ್ಯಾಬ್, ಬೀಮುಗಳನ್ನು ಬೇಕೆಂದೇ ಹೊರಗಿಟ್ಟೆ. ಅಲ್ಲಿ ಎರಡು ವಾರಕ್ಕೆಲ್ಲ ಆಸರೆ ಕೀಳುತ್ತಾರೆ. ಎಳೆಯ ಕಾಂಕ್ರೀಟ್ ಮೇಲೆ ಆ ಸಾಹಸ ಬೇಡ. ಕ್ಯೂರಿಂಗ್, ಅಂದರೆ ಕಾಂಕ್ರೀಟ್ ಒಣಗದಂತೆ ಒದ್ದೆಯಾಗಿಡುವ ಬಗ್ಗೆಯೂ ಒಂದು ಮಾತು ಸೇರಿಸಿದೆ. ಸ್ಲ್ಯಾಗ್‌ನಂಥವು ಬೆರೆತ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸಬೇಕೆಂದು ಐಎಸ್ 456 ಹೇಳುತ್ತದೆ. ನಮ್ಮ ಸೈಟುಗಳಲ್ಲಿ ನಾಲ್ಕನೇ ದಿನಕ್ಕೇ ಗೋಣಿಚೀಲ ಒಣಗಿರುತ್ತದೆ. ಅಷ್ಟೂ ನೀರು ಸಿಗದಿದ್ದರೆ ಸ್ಲ್ಯಾಗ್‌ನ ಲಾಭ ಕೈಗೆ ಬರುವುದಿಲ್ಲ.

ನನ್ನ ಅಂಕಿಗಳೆಲ್ಲ ಬೆಂಗಳೂರಿನ ಹವೆಯವು. ಚಳಿಯಲ್ಲಿ ಸ್ಲ್ಯಾಗ್ ಇನ್ನೂ ನಿಧಾನ. ಕಲಬುರಗಿಯ ಬಿಸಿಲಿನಲ್ಲಿ ಕಥೆಯೇ ಬೇರೆ. ಅದಕ್ಕೆ ಈಗ ಹುಬ್ಬಳ್ಳಿ, ಕಲಬುರಗಿ ಪ್ಲಾಂಟುಗಳ ಗೆಳೆಯರಿಗೆ 56 ದಿನದ ಕ್ಯೂಬ್‌ಗಳನ್ನೂ ಹಾಕಿಡಲು ಹೇಳಿದ್ದೇನೆ. ಮುಂದಿನ ಕರಡು ಬಂದಾಗ ಎಲ್ಲರೂ ಅವರವರ ಊರಿನ ಫಲಿತಾಂಶವನ್ನು ತಾವೇ ಕಳಿಸಲಿದ್ದಾರೆ.