ಸಿರಿಂಜ್‌ನಲ್ಲಿ ಸಕ್ಕರೆ ಪಾಕ: ಬಾಟಲಿ ಬಿಯರಿಗೆ ಗ್ಯಾಸ್ ತುಂಬಿಸಿದ ನನ್ನ ಅನುಭವ

ಪ್ರೈಮಿಂಗ್‌ಗೆ, ಅಂದರೆ ಮನೆಯಲ್ಲಿ ಮಾಡಿದ ಬಿಯರಿಗೆ ಬಾಟಲಿಯಲ್ಲೇ ಗ್ಯಾಸ್ ಹುಟ್ಟಲು ಸಕ್ಕರೆ ಸೇರಿಸುವುದಕ್ಕೆ, ಬಿಯರ್ ಮತ್ತು ಪಾಕ ಕಲಸುವ ಎರಡನೇ ಬಕೆಟ್ ಬೇಕೇ ಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಬಕೆಟ್ ಬಿಟ್ಟು ವರ್ಷದ ಮೇಲಾಯಿತು. ಸಕ್ಕರೆ ಪಾಕವನ್ನು ಸಿರಿಂಜ್‌ನಲ್ಲಿ ಎಳೆದು ಖಾಲಿ ಬಾಟಲಿಗೆ ಬಿಡುತ್ತೇನೆ, ಆಮೇಲೆ ಬಿಯರ್ ತುಂಬುತ್ತೇನೆ. ಅಷ್ಟೇ. "ಪಾಕ ತಳದಲ್ಲೇ ಕೂರುತ್ತೆ, ಒಂದು ಬಾಟಲಿ ಸಪ್ಪೆ, ಇನ್ನೊಂದು ಬಾಂಬು" ಅಂತ ಗೆಳೆಯರು ನಕ್ಕಿದ್ದರು. ಮೊನ್ನೆ ಒಂದು ಕ್ರೇಟ್ ಖಾಲಿ ಮಾಡಿದ್ದೂ ಅವರೇ.

ಬಕೆಟ್ ಕಾಲದ ಗೋಳು ನಿಮಗೂ ಗೊತ್ತಿರುತ್ತೆ. ಸರಿಯಾಗಿ ಕಲಸದಿದ್ದರೆ ಒಂದೇ ಬ್ಯಾಚಿನಲ್ಲಿ ಅರ್ಧ ಸಪ್ಪೆ, ಉಳಿದರ್ಧ ಮುಚ್ಚಳ ತೆಗೆದ ಕೂಡಲೇ ಮೇಜಿನ ತುಂಬ ನೊರೆ. ಜೋರಾಗಿ ಕಲಸಿದರೆ ಗಾಳಿ ಸೇರಿ, ಸ್ವಲ್ಪ ದಿನದಲ್ಲೇ ಒದ್ದೆ ರಟ್ಟಿನ ರುಚಿ. ತಳದಲ್ಲಿ ಉಳಿದು ಚೆಲ್ಲಿಹೋಗುವ ಬಿಯರ್ ಬೇರೆ, 20 ಲೀಟರಿಗೆ ಹತ್ತಿರ ಹತ್ತಿರ ಒಂದು ಲೀಟರ್. ಒಣ ಸಕ್ಕರೆಯನ್ನು ಚಮಚದಲ್ಲಿ ಹಾಕಿದಾಗ ತುಂಬಿದ ಬಾಟಲಿ ಅಲ್ಲೇ ಉಕ್ಕಿತು. ಪ್ರೈಮಿಂಗ್ ಗುಳಿಗೆಗಳು ಕೆಲಸ ಮಾಡುತ್ತವೆ, ಸುಳ್ಳು ಹೇಳಬಾರದು. ಆದರೆ ಅದೇ ಸಕ್ಕರೆಗೆ ಹಲವು ಪಟ್ಟು ದುಡ್ಡು ಯಾಕೆ ಕೊಡಬೇಕು? ನನ್ನ ಸಿರಿಂಜ್‌ಗೆ ಆದ ಖರ್ಚು ಒಂದು ಪೊಟ್ಟಣ ಗುಳಿಗೆಗಿಂತ ಕಡಿಮೆ.

200 ಗ್ರಾಂ ಸಕ್ಕರೆಗೆ ನೀರು ಹಾಕಿ ಕುದಿಸಿ, ಆರಿದ ಮೇಲೆ ಕುದಿಸಿದ ನೀರಿನಿಂದಲೇ ಒಟ್ಟು 400 ಮಿ.ಲೀ. ಮಾಡುತ್ತೇನೆ. ಅಲ್ಲಿಗೆ 1 ಮಿ.ಲೀ.ಗೆ ಅರ್ಧ ಗ್ರಾಂ. 330 ಮಿ.ಲೀ. ಬಾಟಲಿಗೆ 4 ಮಿ.ಲೀ., ಅರ್ಧ ಲೀಟರಿಗೆ 6. ಲೀಟರಿಗೆ 4 ಗ್ರಾಂ ಸಕ್ಕರೆ ಅಂದರೆ ಸುಮಾರು ಒಂದು ವಾಲ್ಯೂಮ್ ಗ್ಯಾಸ್, ಅಂದರೆ ಬಿಯರಿನಷ್ಟೇ ಗಾತ್ರದ ಗ್ಯಾಸ್. 20 ಡಿಗ್ರಿಯಲ್ಲಿ ಹುದುಗಿದ ಬಿಯರಿನಲ್ಲಿ 0.85ರಷ್ಟು ಮೊದಲೇ ಇರುತ್ತೆ. ನನ್ನ ಅಳತೆ ಲೀಟರಿಗೆ ಸುಮಾರು 6 ಗ್ರಾಂ, ಅಂದರೆ ಒಂದೂವರೆ ವಾಲ್ಯೂಮ್. ಎರಡೂ ಸೇರಿ 2.3, 2.4ರ ಹತ್ತಿರ ಬರುತ್ತೆ. ಫರ್ಮೆಂಟರ್ (ಬಿಯರ್ ಹುದುಗುವ ಪಾತ್ರೆ) ಕೊನೆಯಲ್ಲಿ ಬಿಸಿಯಾಗಿದ್ದರೆ ಆ ಬಿಸಿಯದ್ದೇ ಲೆಕ್ಕ ಹಿಡಿಯಿರಿ. ಬಿಯರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮೂರು ದಿನ ಒಂದೇ ಕಡೆ ನಿಲ್ಲದೆ ಬಾಟಲಿ ಮುಟ್ಟಬೇಡಿ.

ಬಿಯರ್ ಕೊಳವೆ ಬಾಟಲಿಯ ತಳ ಮುಟ್ಟಬೇಕು. ಆಗ ಕೆಳಗಿದ್ದ ಪಾಕ ಎಳೆಎಳೆಯಾಗಿ ಸುತ್ತಿ ಮೇಲೇಳುವುದು ಕಣ್ಣಿಗೇ ಕಾಣುತ್ತೆ. ಸ್ವಲ್ಪ ಉಳಿದರೂ ಚಿಂತೆಯಿಲ್ಲ, ಅದು ಮೆಲ್ಲಗೆ ಕರಗಿ ಹರಡುತ್ತೆ, ಯೀಸ್ಟ್ ತಿನ್ನುತ್ತೆ. ಪಾಕ ಅಂಟಿ ಸಿರಿಂಜ್ ಬಿಗಿಯಾಗುವ ಕಾಟಕ್ಕೆ ಒಂದು ಉಪಾಯ ಕಂಡುಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಸುಮ್ನೆ ಕುತೂಹಲಕ್ಕೆ ಕೆಲವು ಬಾಟಲಿಗೆ ಜೇನು ಹಾಕಿ ನೋಡಿದೆ. ಅದರಲ್ಲಿ ನೀರೂ ಇರುವುದರಿಂದ ಕಾಲು ಭಾಗ ಜಾಸ್ತಿ ಬೇಕು. ಜೇನಿನ ರುಚಿ ಮಾತ್ರ ಯಾರಿಗೂ ಸಿಗಲಿಲ್ಲ. ಒಂದಿಷ್ಟು ಬಾಟಲಿ ತಣ್ಣನೆ ಮೂಲೆಯಲ್ಲಿಟ್ಟೆ, ಗ್ಯಾಸ್ ಹಿಡಿಯಲು ತಿಂಗಳ ಮೇಲಾಯಿತು. 22 ಡಿಗ್ರಿ ಹತ್ತಿರ ಇದ್ದವು ಎರಡು ವಾರಕ್ಕೇ ಸಿದ್ಧ.

ಈ ವಿಧಾನದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು, ಒಂದೇ ಬ್ಯಾಚಿನಲ್ಲಿ ಬೇರೆ ಬೇರೆ ಮಟ್ಟದ ಗ್ಯಾಸ್ ಇಡಬಹುದು. ಗೋಧಿ ಬಿಯರಿಗೆ 330ಕ್ಕೆ 6 ಮಿ.ಲೀ.ವರೆಗೂ ಹೋಗಿದ್ದೇನೆ, ದಪ್ಪ ಗಾಜಿನಲ್ಲಿ ಮಾತ್ರ. ಪ್ರತಿ ಬ್ಯಾಚಿಗೂ ಒಂದು ಪ್ಲಾಸ್ಟಿಕ್ ಬಾಟಲಿ ತುಂಬಿಡಿ. ಅದು ಒತ್ತಿದರೂ ಬಗ್ಗದಷ್ಟು ಗಟ್ಟಿಯಾದ ಮೇಲೆ ಉಳಿದವನ್ನು ಎರಡು ದಿನ ಫ್ರಿಜ್ಜಿನಲ್ಲಿಟ್ಟು ತೆರೆಯಿರಿ.