ಮೇಬ್ಯಾಕ್ ಓಡಿಸುವಾಗ ಲೆಕ್ಕವೆಲ್ಲ ಹಿಂದಿನ ಸೀಟಿನದು

ಹಿಂದಿನ ಸೀಟಿನವರ ಸುಖಕ್ಕೆಂದೇ ಮಾಡಿದ ಐಷಾರಾಮಿ ಕಾರು ಮರ್ಸಿಡಿಸ್-ಮೇಬ್ಯಾಕ್ ಎಸ್ 580 ಅನ್ನು ಕೆಲವು ದಿನ ಬೆಂಗಳೂರಿನ ಒಳಗೂ ಮೈಸೂರಿನ ದಾರಿಯಲ್ಲೂ ಓಡಿಸುತ್ತ ಹಾಕಿಕೊಂಡ ಟಿಪ್ಪಣಿಗಳಿವು. 2022ರ ಮಾರ್ಚಿನಲ್ಲಿ ಭಾರತಕ್ಕೆ ಬಂದ ಈ ಮಾಡೆಲ್ ಪುಣೆ ಬಳಿಯ ಚಾಕಣ್‌ನಲ್ಲಿ ಜೋಡಣೆಯಾಗುತ್ತದೆ. ಬಂದಾಗಿನ ಎಕ್ಸ್-ಶೋರೂಂ ಬೆಲೆ 2.5 ಕೋಟಿ ರೂಪಾಯಿ. 4 ಲೀಟರಿನ ವಿ8 ಎಂಜಿನ್, 503 ಅಶ್ವಶಕ್ತಿ, 700 ನ್ಯೂಟನ್ ಮೀಟರ್ ಟಾರ್ಕ್. ಈ ಅಂಕಿಗಳಿಗೆ ಹೆದರಬೇಕಿಲ್ಲ. ದಿನವಿಡೀ ಕಾಡುವುದು ಕಾರಿನ ಉದ್ದ: ಒಟ್ಟು 5,469 ಮಿ.ಮೀ., ಅದರಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3,396 ಮಿ.ಮೀ.

ಕಾರು ಕೈಗೆ ಬಂದ ಕೂಡಲೇ ನಾಲ್ಕೂ ರಿಮ್‌ಗಳ ಫೋಟೊ ತೆಗೆದುಕೊಳ್ಳಿ, ಮುಂದಿನ ಬಂಪರಿನ ಕೆಳ ಅಂಚನ್ನೂ ಬಿಡಬೇಡಿ. ಹಳೆಯ ಗೀರು ಯಾವುದು, ಹೊಸದು ಯಾವುದು ಎಂಬ ಮಾತು ಕಾರು ಹಿಂತಿರುಗಿಸುವಾಗ ಬಂದೇ ಬರುತ್ತದೆ. ಡಿಕ್ಕಿ ತೆರೆದು ಸ್ಟೆಪ್ನಿ ಇದೆಯೋ, ಬರೀ ಪಂಚರ್ ಕಿಟ್ಟೋ ನೋಡಿ. ಎಳೆಯುವ ಕೊಂಡಿ ಎಲ್ಲಿದೆ ಎಂದು ತಿಳಿದಿರಲಿ. ಟೈರಿನ ಗಾಳಿಯನ್ನು ಬೆಳಗ್ಗೆ, ಕಾರು ಹೊರಡುವ ಮುಂಚೆ ನೋಡಬೇಕು. ಪೆಟ್ರೋಲ್ ಮುಚ್ಚಳದ ಒಳಗಿನ ಚೀಟಿಯಲ್ಲಿ ಎರಡು ಲೆಕ್ಕ ಇರುತ್ತವೆ, ಒಂದು ಕಡಿಮೆ ಜನಕ್ಕೆ, ಇನ್ನೊಂದು ಪೂರ್ತಿ ಭಾರಕ್ಕೆ. ಹಿಂದೆ ಇಬ್ಬರು, ಡಿಕ್ಕಿ ತುಂಬ ಸಾಮಾನು ಎಂದರೆ ಎರಡನೆಯದೇ ಸರಿ. 255/40 ಅಳತೆಯ 20 ಇಂಚಿನ ಟೈರಿನಲ್ಲಿ ಪಕ್ಕದ ರಬ್ಬರು ಹತ್ತು ಸೆಂಟಿಮೀಟರ್ ಮಾತ್ರ; ಗಾಳಿ ಕಡಿಮೆಯಾದರೆ ಗುಂಡಿಯ ಏಟು ನೇರ ರಿಮ್ಮಿಗೆ ಬೀಳುತ್ತದೆ. ಗುಂಡಿ ತಪ್ಪಿಸಲಾಗದಿದ್ದರೆ ಮೊದಲೇ ಬ್ರೇಕ್ ಹಿಡಿದು, ಚಕ್ರ ಗುಂಡಿಗಿಳಿಯುವ ಹೊತ್ತಿಗೆ ಪೆಡಲ್ ಬಿಟ್ಟುಬಿಡಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಕಾರಿನ ಭಾರವೆಲ್ಲ ಮುಂದಕ್ಕೆ ವಾಲಿರುತ್ತದೆ, ಸಸ್ಪೆನ್ಷನ್ ಆಗಲೇ ಕುಗ್ಗಿರುತ್ತದೆ, ಏಟು ತಡೆಯಲು ಅದಕ್ಕೆ ಜಾಗವೇ ಉಳಿದಿರುವುದಿಲ್ಲ.

ಇನ್ನು ಹಂಪ್‌ಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಬೆನ್ನು ದುಂಡಗೆ. ಹಾಗಿದ್ದರೆ ಈ ಕಾರು ನಿರಾಳವಾಗಿ ದಾಟುತ್ತದೆ. ಬಡಾವಣೆಯವರು ರಾತ್ರೋರಾತ್ರಿ ಕಾಂಕ್ರೀಟ್ ಸುರಿದು ಮಾಡಿದ ಹಂಪ್ ಕಿರಿದು, ಮೊನಚು. ಮುಂದಿನ ಚಕ್ರ ಇಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ, ನಡುವಿನ ಹೊಟ್ಟೆ ಭಾಗ ನೇರ ಹಂಪಿನ ಮೇಲಿರುತ್ತದೆ. ಏರ್ ಸಸ್ಪೆನ್ಷನ್ ಎತ್ತರಿಸುವ ಗುಂಡಿ ಒತ್ತಿದರೆ ಕಾರು ಸುಮಾರು 3 ಸೆಂ.ಮೀ. ಏಳುತ್ತದೆ. ಆದರೆ ಏಳಲು ಕೆಲವು ಸೆಕೆಂಡು ಬೇಕು, ಹಂಪಿನ ಬುಡಕ್ಕೆ ಬಂದು ಒತ್ತಿದರೆ ಪ್ರಯೋಜನವಿಲ್ಲ. ವೇಗ ಹೆಚ್ಚಿದರೆ ತಾನಾಗಿ ಇಳಿಯುತ್ತದೆ, ಹಾಗಾಗಿ ಮುಂದಿನ ಗಲ್ಲಿಗೆ ಹೊಕ್ಕಾಗ ಮತ್ತೆ ಒತ್ತಬೇಕು. ಅಷ್ಟಕ್ಕೂ ಸಾಲದಿದ್ದರೆ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸಿ. ಹಿಂದೆ ಕೂತವರು ತೊಟ್ಟಿಲಲ್ಲಿದ್ದಂತೆ ಓಲಾಡುತ್ತಾರೆ, ಆದ್ದರಿಂದ ಇದು ಕೊನೆಯ ಉಪಾಯ.

ಪಾರ್ಕಿಂಗ್ ಲೆಕ್ಕವನ್ನು ಮನೆಯಲ್ಲೇ ಹಾಕಿಕೊಂಡು ಹೊರಡಬೇಕು. ನಮ್ಮ ಬೇಸ್‌ಮೆಂಟುಗಳಲ್ಲಿ ಒಂದು ಕಾರಿನ ಜಾಗ ಸಾಮಾನ್ಯವಾಗಿ 2.5 ಮೀಟರ್ ಅಗಲ, 5 ಮೀಟರ್ ಉದ್ದ. ಕಾರಿನ ಮೂತಿಯೋ ಬಾಲವೋ ಅರ್ಧ ಮೀಟರಿನಷ್ಟು ಹೊರಗೆ ಚಾಚುತ್ತದೆ. ಕನ್ನಡಿಗಳೂ ಸೇರಿ ಅಗಲ 2.1 ಮೀಟರ್, ಹಿಂದಿನ ಬಾಗಿಲಂತೂ ಮುಂದಿನದಕ್ಕಿಂತ ಉದ್ದ. ಒಳಗೆ ನಿಲ್ಲಿಸಿದ ಮೇಲೆ ಆ ಬಾಗಿಲು ತೆರೆಯದು; ಕೂತವರನ್ನು ಲಿಫ್ಟಿನ ಹತ್ತಿರ ಇಳಿಸಿ ಆಮೇಲೆ ಒಳಗೆ ಹೋಗಿ.

ಹಿಂದಿನ ಚಕ್ರಗಳೂ ತಿರುಗುವ ವ್ಯವಸ್ಥೆ ಇಲ್ಲಿ ದೊಡ್ಡ ಅನುಕೂಲ. 60 ಕಿ.ಮೀ. ವೇಗದ ಒಳಗೆ ಅವು ಮುಂದಿನ ಚಕ್ರಗಳಿಗೆ ವಿರುದ್ಧ ದಿಕ್ಕಿಗೆ, ಅದರ ಮೇಲೆ ಅದೇ ದಿಕ್ಕಿಗೆ ತಿರುಗುತ್ತವೆ. ಗಾತ್ರ ನೋಡಿ ಅಂದುಕೊಂಡದ್ದಕ್ಕಿಂತ ಚಿಕ್ಕ ಜಾಗದಲ್ಲಿ ಯೂ-ಟರ್ನ್ ಸಾಧ್ಯ. ಇದರಲ್ಲೊಂದು ಎಡವಟ್ಟೂ ಇದೆ. ಕಂಬಕ್ಕೆ ಅಂಟಿಕೊಂಡಂತೆ ನಿಲ್ಲಿಸಿದ ಕಾರನ್ನು ಹೊರಡುವಾಗಲೇ ಬಲಕ್ಕೆ ತಿರುಗಿಸಿದರೆ ಬಾಲ ಎಡಕ್ಕೆ ಹೊರಳಿ ಕಂಬಕ್ಕೆ ಉಜ್ಜುತ್ತದೆ. ಒಂದು ಮೀಟರಾದರೂ ನೇರ ಬಂದು ಆಮೇಲೆ ಸ್ಟೀರಿಂಗ್ ತಿರುಗಿಸಿ. ಬೇರೆ ಕಾರುಗಳ ಅಭ್ಯಾಸದಲ್ಲಿ ಕೈ ತಾನಾಗಿ ತಿರುಗುತ್ತದೆ, ಎಚ್ಚರ.

ಓಡಿಸುವ ಕ್ರಮದಲ್ಲಿ ನನಗೆ ಮುಖ್ಯವೆನಿಸಿದ್ದು ನಿಲ್ಲಿಸುವುದು. 'ಮೇಬ್ಯಾಕ್' ಮೋಡಿನಲ್ಲಿ ಕಾರು ಎರಡನೇ ಗೇರಿನಲ್ಲಿ ಹೊರಡುತ್ತದೆ, ಆಕ್ಸಿಲರೇಟರ್ ಮೆತ್ತಗಾಗುತ್ತದೆ, ಗೇರ್ ಬದಲಾವಣೆ ಕಡಿಮೆಯಾಗುತ್ತದೆ. ಹೊರಡುವ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ, ನಿಲ್ಲಿಸುವ ಕೆಲಸ ನಮ್ಮ ಪಾದದ್ದು. ಸಿಗ್ನಲ್ ಕಂಡಾಗ ಬೇಗನೆ ಮೃದುವಾಗಿ ಬ್ರೇಕ್ ಹಿಡಿದು, ನಡುವೆ ಒತ್ತಡ ಹೆಚ್ಚಿಸಿ, ಕೊನೆಯ ಅರ್ಧ ಮೀಟರಿನಲ್ಲಿ ಪೆಡಲನ್ನು ಕೂದಲೆಳೆಯಷ್ಟು ಸಡಿಲಿಸಬೇಕು. ಹಿಂದಿನವರ ಕೈಯಲ್ಲಿರುವ ಕಾಫಿ ಅಲುಗಬಾರದು. ಎರಡೂಕಾಲು ಟನ್ನಿಗೂ ಮೀರಿದ ಕಾರಿದು, ಸಡಿಲಿಸಿದಾಗ ಒಂದಿಷ್ಟು ಮುಂದೆ ಸರಿಯುತ್ತದೆ; ಮುಂದಿನ ಗಾಡಿಯಿಂದ ಅಷ್ಟು ಜಾಗ ಮೊದಲೇ ಇಟ್ಟುಕೊಂಡಿರಬೇಕು. ನಿಂತ ಮೇಲೆ ಪೆಡಲನ್ನು ಇನ್ನೊಮ್ಮೆ ಒತ್ತಿದರೆ ಹೋಲ್ಡ್ ಬೀಳುತ್ತದೆ, ಅಂದರೆ ಪಾದ ತೆಗೆದರೂ ಬ್ರೇಕ್ ಹಿಡಿದೇ ಇರುತ್ತದೆ, ಕಾಲಿಗೆ ವಿಶ್ರಾಂತಿ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ ಮಿತಿ 100 ಕಿ.ಮೀ., ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ 2023ರ ಆಗಸ್ಟಿನಿಂದ ಪ್ರವೇಶವಿಲ್ಲ. ಕಾರು ನಿಜಕ್ಕೂ ಅರಳುವುದು ಇಲ್ಲಿ. ಫ್ಲೈಓವರ್ ಕೀಲುಗಳ ಸದ್ದು ಕೇಳಿಸುತ್ತದೆ, ಏಟು ತಟ್ಟುವುದಿಲ್ಲ. ಲಾರಿಯನ್ನು ಹಿಂದಿಕ್ಕುವಾಗ ಮಾತ್ರ ಮೇಬ್ಯಾಕ್ ಮೋಡ್ ಸ್ವಲ್ಪ ಸೋಮಾರಿ, ಮೊದಲೇ ಕಂಫರ್ಟ್‌ಗೆ ಬದಲಿಸಿ. ರೇಡಾರ್ ನೋಡಿ ತಾನೇ ವೇಗ ಹೊಂದಿಸುವ ಕ್ರೂಸ್ ಕಂಟ್ರೋಲ್ ಖಾಲಿ ರಸ್ತೆಗೆ ಚೆನ್ನ. ದಟ್ಟಣೆಯಲ್ಲಿ ಅದು ಬಿಟ್ಟ ಅಂತರಕ್ಕೆ ಯಾರಾದರೂ ನುಗ್ಗುತ್ತಾರೆ, ಕಾರು ಬ್ರೇಕ್ ಹಾಕುತ್ತದೆ, ಹಿಂದೆ ನಿದ್ದೆ ಮಾಡುತ್ತಿದ್ದವರು ಎದ್ದು ಕೂರುತ್ತಾರೆ. ಬಿಳಿ ಗೆರೆ ಅಳಿಸಿದ ನಗರದ ರಸ್ತೆಗಳಲ್ಲಿ, ಕಾರನ್ನು ಗೆರೆಗಳ ಒಳಗೇ ಇಡಲು ನೋಡುವ ಲೇನ್ ಅಸಿಸ್ಟ್ ಸ್ಟೀರಿಂಗನ್ನು ಸುಮ್ಮನೆ ಎಳೆಯುತ್ತದೆ, ನಾನು ಹೊರಡುವಾಗಲೇ ಆರಿಸುತ್ತೇನೆ.

ಹಿಂದಿನ ಎಡ ಸೀಟಿನವರು ಕಾಲು ಚಾಚಲೆಂದು ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ಸರಿಸಿದಾಗ ಎಡಗನ್ನಡಿ ಕಾಣುತ್ತಿದೆಯೇ ಎಂದು ಹೊರಡುವ ಮುಂಚೆ ಖಚಿತಪಡಿಸಿಕೊಳ್ಳಿ. ವಿದ್ಯುತ್ತಿನಿಂದ ತೆರೆಯುವ ಹಿಂದಿನ ಬಾಗಿಲುಗಳಿದ್ದರೆ ಡ್ರೈವರ್ ಸೀಟಿನಿಂದಲೇ ತೆರೆಯಬಹುದು. ಸೆನ್ಸರ್ ಇದೆ ಎಂದು ನಂಬಿ ಕೂರಬೇಡಿ, ಫುಟ್‌ಪಾತಿನ ಎತ್ತರದ ಅಂಚು, ಎಡದಿಂದ ನುಸುಳುವ ಬೈಕು ಎರಡನ್ನೂ ಕಣ್ಣಲ್ಲಿ ನೋಡಿಯೇ ಗುಂಡಿ ಒತ್ತಬೇಕು.

ಪೆಟ್ರೋಲ್ ಟ್ಯಾಂಕ್ 76 ಲೀಟರಿನದು. ಊರೊಳಗೆ ಲೀಟರಿಗೆ ಐದಾರು ಕಿ.ಮೀ., ಹೆದ್ದಾರಿಯಲ್ಲಿ ನಿಧಾನಕ್ಕೆ ಹೋದರೆ ಒಂಬತ್ತರ ಆಸುಪಾಸು ನನಗೆ ಸಿಕ್ಕಿತು. ತೊಳೆಯಲು ಬ್ರಷ್ ತಿರುಗುವ ಮೆಷಿನ್ನಿಗೆ ಬಿಡಬೇಡಿ. ಮೊದಲು ನೀರು ಹೊಡೆದು ಧೂಳು ಇಳಿಸಿ, ಆಮೇಲೆ ಮೈಕ್ರೊಫೈಬರ್ ಬಟ್ಟೆ. ಬಾನೆಟ್ ಮೇಲಿನ ನಕ್ಷತ್ರವನ್ನು ಹಿಡಿದು ಉಜ್ಜಬಾರದೆಂದು ತೊಳೆಯುವವರಿಗೆ ಹೇಳಿ. ತಿಳಿ ಬಣ್ಣದ ಚರ್ಮದ ಸೀಟಿಗೆ ಹೊಸ ಜೀನ್ಸಿನ ನೀಲಿ ಹತ್ತುತ್ತದೆ, ಅಂದಂದೇ ಒರೆಸದಿದ್ದರೆ ಕೂತುಬಿಡುತ್ತದೆ. ಕಾರು ಹಿಂತಿರುಗಿಸುವಾಗ ಮತ್ತೆ ಅದೇ ರಿಮ್ ಫೋಟೊಗಳು, ಜೊತೆಗೆ ಸ್ಕ್ರೀನಿನಲ್ಲಿ ಉಳಿದ ನಿಮ್ಮ ಫೋನ್ ಸಂಪರ್ಕ, ಕರೆ ಪಟ್ಟಿ, ನ್ಯಾವಿಗೇಷನ್ನಿನ ಮನೆ ವಿಳಾಸ ಅಳಿಸಿ ಕೀ ಕೊಡಿ.