ಅಮೆರಿಕದಲ್ಲಿ ಲುಥೆರನ್ ಸಭೆಗೆ ಹೋಗುವುದು, ಸದಸ್ಯರಾಗುವುದು ಹೇಗೆ?

ಊರಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ ಬೆಳೆದು, ಓದಿಗೋ ಕೆಲಸಕ್ಕೋ ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆ ಬಂದವರಿಗೆ ಸಿಎಸ್‌ಐ ಬೋರ್ಡು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಮಾರ್ಟಿನ್ ಲೂಥರ್ ಹಾದಿಯ ಲುಥೆರನ್ ಪಂಥದ ಬೋರ್ಡು ಮಾತ್ರ ಎಲ್ಲಿ ನೋಡಿದರೂ ಇರುತ್ತದೆ. "ಅಲ್ಲಿಗೆ ಹೋಗಬಹುದಾ? ಸೇರಿಬಿಟ್ಟರೆ ನಮ್ಮ ಸಭೆ ಬಿಟ್ಟ ಹಾಗಾ?" ಇದು ತುಂಬಾ ಜನ ಕೇಳುವ ಪ್ರಶ್ನೆ. ಧಾರಾಳವಾಗಿ ಹೋಗಬಹುದು. ಸೇರುವುದಕ್ಕೂ ದಾರಿ ಇದೆ, ಊರಿನ ಸಭೆ ಬಿಡಬೇಕಾಗಿಯೂ ಇಲ್ಲ.

ಮಂಗಳೂರು, ಧಾರವಾಡ, ಹುಬ್ಬಳ್ಳಿ ಕಡೆಯ ಕ್ರೈಸ್ತರಿಗೆ ಲುಥೆರನ್ನರು ಹೊಸಬರೇನಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನಲ್ಲಿ ಲುಥೆರನ್ನರೂ ರಿಫಾರ್ಮ್ಡ್ ಪಂಥದವರೂ ಒಟ್ಟಿಗೆ ದುಡಿದರು. 1843ರಲ್ಲಿ 'ಮಂಗಳೂರು ಸಮಾಚಾರ' ಪತ್ರಿಕೆ ಶುರು ಮಾಡಿದ ಅದೇ ಮಿಷನ್‌ನ ಮೋಗ್ಲಿಂಗ್ ಬಂದಿದ್ದು ಜರ್ಮನಿಯ ವುರ್ಟೆಂಬರ್ಗ್‌ನಿಂದ, ಅದು ಲುಥೆರನ್ ಸೀಮೆ. ಹಾಗಾಗಿ ಇಲ್ಲಿನ ಆರಾಧನೆಯಲ್ಲಿ ಕೂತರೆ ಎಷ್ಟೋ ಭಾಗ ಚಿಕ್ಕಂದಿನಿಂದ ಗೊತ್ತಿರುವುದೇ ಅನ್ನಿಸುತ್ತದೆ.

ಹೋಗುವ ಮೊದಲು ಒಂದೇ ಒಂದು ವಿಷಯ ನೋಡಿಕೊಳ್ಳಿ: ಆ ಸಭೆ ಯಾವ ಸಿನಡ್‌ಗೆ, ಅಂದರೆ ಸಭೆಗಳ ಯಾವ ಒಕ್ಕೂಟಕ್ಕೆ ಸೇರಿದ್ದು? ಲುಥೆರನ್ನರೆಲ್ಲ ಒಂದೇ ಅಲ್ಲ. 1988ರಲ್ಲಿ ಇಂಥ ಮೂರು ಒಕ್ಕೂಟಗಳು ಕೂಡಿ ಆಗಿದ್ದು ಇಎಲ್‌ಸಿಎ (ಇವಾಂಜೆಲಿಕಲ್ ಲುಥೆರನ್ ಚರ್ಚ್ ಇನ್ ಅಮೆರಿಕ). ಅಲ್ಲಿ ಹೆಂಗಸರೂ ಪಾಸ್ಟರ್ ಆಗುತ್ತಾರೆ, ಬೇರೆ ಪಂಗಡದವರ ಜೊತೆ ಹೊಂದಾಣಿಕೆ ಜಾಸ್ತಿ. 1847ರ ಮಿಸ್ಸೌರಿ ಸಿನಡ್ ಮತ್ತು 1850ರ ವಿಸ್ಕಾನ್ಸಿನ್ ಸಿನಡ್ ಹೆಚ್ಚು ಕಟ್ಟುನಿಟ್ಟು, ಅಲ್ಲಿ ಪಾಸ್ಟರ್‌ಗಳು ಗಂಡಸರೇ. ಸಭೆಯ ವೆಬ್‌ಸೈಟ್‌ನಲ್ಲಿ ಇದನ್ನು ಸಾಮಾನ್ಯವಾಗಿ ಬರೆದಿರುತ್ತಾರೆ. ಸಂಸ್ಕಾರದ, ಅಂದರೆ ಕರ್ತನ ಭೋಜನದ ವಿಷಯದಲ್ಲೂ ಸದಸ್ಯತ್ವದ ವಿಷಯದಲ್ಲೂ ಎಲ್ಲ ವ್ಯತ್ಯಾಸ ಹುಟ್ಟುವುದು ಇಲ್ಲಿಂದಲೇ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬಟ್ಟೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಜೀನ್ಸ್ ಹಾಕಿದವರೂ ಇರುತ್ತಾರೆ, ಕೋಟು ಹಾಕಿದವರೂ ಇರುತ್ತಾರೆ, ಸೀರೆ ಉಟ್ಟು ಹೋದರೆ ಯಾರಾದರೂ ಬಂದು ಚೆನ್ನಾಗಿದೆ ಅನ್ನುತ್ತಾರೆ. ತಲೆ ಮೇಲೆ ಸೆರಗು ಬೇಕಿಲ್ಲ, ಶೂ ಹಾಕಿಕೊಂಡೇ ಒಳಗೆ ಹೋಗುತ್ತಾರೆ. ಬೇಸಿಗೆಯಲ್ಲಿ ಆರಾಧನೆಯ ಸಮಯ ಬದಲಾಗುವುದುಂಟು, ಹೊರಡುವ ಮುಂಚೆ ನೋಡಿಕೊಳ್ಳಿ. ಬಾಗಿಲಲ್ಲಿ ಕೈಗೆ ಬುಲೆಟಿನ್ ಕೊಡುತ್ತಾರೆ. ಯಾವಾಗ ಎದ್ದು ನಿಲ್ಲಬೇಕು, ಯಾವ ಹಾಡು, ಎಲ್ಲ ಅದರಲ್ಲೇ ಇರುತ್ತದೆ. ದಪ್ಪ ಅಕ್ಷರದಲ್ಲಿ ಇರುವುದನ್ನು ಸಭೆ ಹೇಳಬೇಕು. ಪಾಪ ಅರಿಕೆ, ಸತ್ಯವೇದದ ಪಾಠಗಳು, ಪ್ರಸಂಗ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ಹೆಚ್ಚುಕಡಿಮೆ ನಮ್ಮ ಕ್ರಮವೇ.

ನಡುವೆ ಎಲ್ಲರೂ ಎದ್ದು ಅಕ್ಕಪಕ್ಕದವರ ಕೈ ಹಿಡಿದು 'ಸಮಾಧಾನ' ಹೇಳುತ್ತಾರಲ್ಲ, ಅದರ ಹಿಂದೆ ನಾವು ಹೆಮ್ಮೆಪಡುವಂಥ ಸಂಗತಿ ಇದೆ. ಹಳೆಯ ಕಾಲದ ಈ ಪದ್ಧತಿಯನ್ನು 1950ರ ಸಿಎಸ್‌ಐ ಆರಾಧನಾ ಕ್ರಮ ಇಡೀ ಸಭೆಯ ಕೈಗೆ ಮತ್ತೆ ಕೊಟ್ಟಿತು, ಆಮೇಲೆ ಪಶ್ಚಿಮದ ಸಭೆಗಳು ಅದನ್ನು ನೋಡಿ ತೆಗೆದುಕೊಂಡವು. ಆದ್ದರಿಂದ ಹಿಂಜರಿಯದೆ ಕೈ ಚಾಚಿ.

ಕಾಣಿಕೆ ತಟ್ಟೆ ಬಂದಾಗ ಸುಮ್ನೆ ಮುಂದಕ್ಕೆ ದಾಟಿಸಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಎಷ್ಟೋ ಜನ ಆನ್‌ಲೈನ್‌ನಲ್ಲೇ ಕೊಡುವವರು, ಅವರೂ ಹಾಗೇ ದಾಟಿಸುತ್ತಾರೆ.

ಕರ್ತನ ಭೋಜನದ ಹೊತ್ತಿಗೆ ಹೊಸಬರಿಗೆ ಜಾಸ್ತಿ ಗಾಬರಿ. ಇಎಲ್‌ಸಿಎ ಸಭೆಗಳಲ್ಲಿ ದೀಕ್ಷಾಸ್ನಾನ ಆದವರಿಗೆಲ್ಲ ಸಾಮಾನ್ಯವಾಗಿ ಸ್ವಾಗತ ಇರುತ್ತದೆ, ಬುಲೆಟಿನ್‌ನಲ್ಲೂ ಬರೆದಿರುತ್ತಾರೆ. ಮುಂದೆ ಹೋಗಿ ಒಂದು ಅಂಗೈ ಮೇಲೆ ಇನ್ನೊಂದು ಅಂಗೈ ಇಟ್ಟು ಚಾಚಿ, ರೊಟ್ಟಿ ಕೈಗೆ ಇಡುತ್ತಾರೆ. ದ್ರಾಕ್ಷಾರಸ ಕೆಲವು ಕಡೆ ಪುಟ್ಟ ಲೋಟದಲ್ಲಿ, ಕೆಲವು ಕಡೆ ರೊಟ್ಟಿಯನ್ನು ಪಾತ್ರೆಯಲ್ಲಿ ಅದ್ದಿ ತಿನ್ನುವುದು. ವೈನ್ ಬೇಡದವರಿಗೆ ದ್ರಾಕ್ಷಿ ಜ್ಯೂಸ್ ಇಡುವ ಸಭೆಗಳು ತುಂಬಾ ಇವೆ. ಸಂಸ್ಕಾರ ತೆಗೆದುಕೊಳ್ಳಲು ಮನಸ್ಸಿಲ್ಲದಿದ್ದರೆ ಎರಡೂ ಕೈ ಎದೆ ಮೇಲೆ ಅಡ್ಡ ಇಟ್ಟುಕೊಂಡು ಹೋಗಿ, ಪಾಸ್ಟರ್ ಆಶೀರ್ವದಿಸುತ್ತಾರೆ. ಕೂತಲ್ಲೇ ಕೂತರೂ ತಪ್ಪಿಲ್ಲ.

ಮಿಸ್ಸೌರಿ, ವಿಸ್ಕಾನ್ಸಿನ್ ಸಿನಡ್‌ಗಳ ಸಭೆಗಳಲ್ಲಿ ಹಾಗಲ್ಲ. ಅಲ್ಲಿ ಒಂದೇ ಉಪದೇಶ ಒಪ್ಪಿದವರು ಮಾತ್ರ ಸಂಸ್ಕಾರಕ್ಕೆ ಬರಬೇಕು ಅನ್ನುವ ನಿಯಮ ಇದೆ. ಹತ್ತು ನಿಮಿಷ ಮೊದಲೇ ಹೋಗಿ ಪಾಸ್ಟರ್ ಹತ್ತಿರ "ನಾನು ಸಿಎಸ್‌ಐ ಸಭೆಯವನು, ಸಂಸ್ಕಾರಕ್ಕೆ ಬರಬಹುದಾ?" ಅಂತ ನೇರವಾಗಿ ಕೇಳಿಬಿಡಿ. ಬೇಡ ಅಂದರೆ ನೊಂದುಕೊಳ್ಳಬೇಡಿ. ನಿಮ್ಮನ್ನು ದೂರ ಇಡಬೇಕು ಅಂತ ಅಲ್ಲ, ಆ ರೊಟ್ಟಿ ದ್ರಾಕ್ಷಾರಸದಲ್ಲಿ ಕ್ರಿಸ್ತನ ದೇಹ ರಕ್ತ ನಿಜವಾಗಿ ಇದೆ ಎಂದು ಅವರು ಗಟ್ಟಿಯಾಗಿ ನಂಬುವುದರಿಂದ ಅಷ್ಟು ಎಚ್ಚರ.

ಆರಾಧನೆ ಮುಗಿದ ಕೂಡಲೇ ಪಾರ್ಕಿಂಗ್‌ಗೆ ಓಡಬೇಡಿ. ಕಾಫಿಗೆ ನಿಲ್ಲಿ. ಸಭೆಯ ಗುಣ ಗೊತ್ತಾಗುವುದು ಅಲ್ಲೇ. ಮಿನ್ನೆಸೋಟದ ಜನ ಸ್ವಲ್ಪ ಸಂಕೋಚದವರು, ತಾವಾಗಿ ಬಂದು ಮಾತಾಡಿಸದೆಯೂ ಇರಬಹುದು. ನೀವೇ ಹೋಗಿ ಹೆಸರು ಹೇಳಿ. ಕೆಲವು ಸಭೆಗಳಲ್ಲಿ ಒಂದು ಭಾನುವಾರ ಬೆಂಚುಗಳ ಬೆನ್ನ ಮೇಲೆಲ್ಲ ಬಣ್ಣಬಣ್ಣದ ಕೌದಿಗಳನ್ನು ಹರಡಿರುತ್ತಾರೆ. ಸಭೆಯ ಹೆಂಗಸರು ಹಳೆ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದಿದ್ದು, ಲುಥೆರನ್ ವರ್ಲ್ಡ್ ರಿಲೀಫ್ ಅನ್ನುವ ನೆರವು ಸಂಸ್ಥೆಯ ಮೂಲಕ ಬೇರೆ ದೇಶಗಳ ನಿರಾಶ್ರಿತರಿಗೆ ಹೋಗುತ್ತವೆ. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರ ಕೌದಿಯೇ ನೋಡಿ. ಹೊಲಿಗೆ ಬಂದರೆ ಆ ಗುಂಪಿಗೆ ಹೋಗಿ, ಗೆಳೆತನಕ್ಕೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ.

ಕೆಲವು ತಿಂಗಳು ಹೋದ ಮೇಲೆ ಇದೇ ನಮ್ಮ ಸಭೆ ಅನ್ನಿಸಿದರೆ ಪಾಸ್ಟರ್‌ಗೆ ಹೇಳಿ. ಅವಸರ ಬೇಡ, ಯಾರೂ ಒತ್ತಾಯ ಮಾಡುವುದಿಲ್ಲ. ಇಎಲ್‌ಸಿಎಯಲ್ಲಿ ಹೊಸ ಸದಸ್ಯರ ತರಗತಿ ಸಾಮಾನ್ಯವಾಗಿ ಚಿಕ್ಕದು. ಮಿಸ್ಸೌರಿ ಸಿನಡ್‌ನಲ್ಲಿ ಹಲವು ವಾರ ನಡೆಯುತ್ತದೆ, 1529ರಲ್ಲಿ ಲೂಥರ್ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕವನ್ನು ಕೂತು ಓದಿಸುತ್ತಾರೆ. ನೀವು ಯಾವ ಸಿನಡ್ ಸೇರುವುದಾದರೂ ಆ ಪುಸ್ತಕ ಓದಿ, ಅಷ್ಟು ಸರಳವಾಗಿ ಬರೆದವರು ಕಡಿಮೆ.

ಇನ್ನು ಕಾಗದಪತ್ರ. ಊರಿನ ಅಯ್ಯನವರಿಗೆ (ಸಭೆಯ ಪಾದ್ರಿಗೆ) ವಾಟ್ಸಾಪ್ ಮಾಡಿ, ದೀಕ್ಷಾಸ್ನಾನ ಮತ್ತು ದೃಢೀಕರಣದ (ಕನ್ಫರ್ಮೇಶನ್) ಪತ್ರ ಸಭೆಯ ಲೆಟರ್‌ಹೆಡ್‌ನಲ್ಲಿ, ಸೀಲು ಹಾಕಿ, ಇಂಗ್ಲಿಷಿನಲ್ಲಿ ಕಳಿಸಿಕೊಡಲು ಕೇಳಿ. ದೀಕ್ಷಾಸ್ನಾನ ಮತ್ತೆ ಮಾಡಿಸಿಕೊಳ್ಳಬೇಕಾ ಅನ್ನುವ ಭಯ ಬೇಡ. ತಂದೆ, ಮಗ, ಪವಿತ್ರಾತ್ಮನ ಹೆಸರಲ್ಲಿ ನೀರಿನಿಂದ ಆಗಿದ್ದರೆ, ಮಗುವಾಗಿದ್ದಾಗ ಆಗಿದ್ದರೂ, ಲುಥೆರನ್ನರು ಅದನ್ನೇ ಒಪ್ಪುತ್ತಾರೆ. ಇನ್ನೂ ದೀಕ್ಷಾಸ್ನಾನ ಆಗದವರು ಕಲಿತು, ಮನಸ್ಸು ಗಟ್ಟಿ ಮಾಡಿಕೊಂಡು ಪಡೆಯಬಹುದು.

ಊರಿನ ಸದಸ್ಯತ್ವ ಇಟ್ಟುಕೊಳ್ಳಬೇಕು, ನಾಲ್ಕೈದು ವರ್ಷಕ್ಕೆ ವಾಪಸ್ ಹೋಗುವವರು ಅನ್ನುವುದಾದರೆ ಇಎಲ್‌ಸಿಎಯಲ್ಲಿ ಅಸೋಸಿಯೇಟ್ ಸದಸ್ಯತ್ವ ಇದೆಯಾ ಅಂತ ಕೇಳಿ. ಬೇರೆ ಪಂಗಡದ ಸಭೆಗೆ ಸೇರಿದವರನ್ನೂ ಹಾಗೆ ಸೇರಿಸಿಕೊಳ್ಳುತ್ತಾರೆ. ಓಟು ಇರುವುದಿಲ್ಲ, ಉಳಿದ ಬದುಕೆಲ್ಲ ಹಂಚಿಕೊಳ್ಳಬಹುದು. ನನ್ನ ಮಟ್ಟಿಗೆ ನಮ್ಮವರಲ್ಲಿ ಬಹಳ ಜನರಿಗೆ ಸರಿಹೊಂದುವುದು ಇದೇ, ಆದರೆ ಇದು ಇದೆ ಅಂತಲೇ ಗೊತ್ತಿಲ್ಲದೆ ವರ್ಷಗಟ್ಟಲೆ ಅತಿಥಿಗಳಾಗೇ ಉಳಿದುಬಿಡುತ್ತಾರೆ.

ಸೇರಿಸಿಕೊಳ್ಳುವ ದಿನ ಸಭೆಯ ಮುಂದೆ ನಿಲ್ಲಿಸಿ ಹೆಸರು ಕರೆಯುತ್ತಾರೆ. ನಿಮ್ಮ ಹೆಸರು ಹೇಗೆ ಹೇಳಬೇಕು ಅಂತ ಪಾಸ್ಟರ್‌ಗೆ ಮುಂಚೆಯೇ ಎರಡು ಸಲ ಹೇಳಿಕೊಡಿ, ನಿಮ್ಮ ಹೆಸರು ಅಲ್ಲಿ ಸರಿಯಾಗಿ ಕೇಳಿಸಬೇಕು ಅಲ್ವಾ?

ದುಡ್ಡಿನ ವಿಷಯ. ಜರ್ಮನಿಯಲ್ಲಿ ಸದಸ್ಯರಿಗೆ ಆದಾಯ ತೆರಿಗೆಯ ಶೇಕಡಾ 8 ಅಥವಾ 9ರಷ್ಟು ಚರ್ಚ್ ತೆರಿಗೆ ಬೀಳುತ್ತದೆ, ಅಮೆರಿಕದಲ್ಲಿ ಅಂಥದ್ದಿಲ್ಲ. ವರ್ಷಕ್ಕೆ ಎಷ್ಟು ಕೊಡಬಹುದು ಅಂತ ಒಂದು ಅಂದಾಜು ಬರೆದುಕೊಡಲು ಕೇಳುತ್ತಾರೆ, ಅದು ಸಾಲವಲ್ಲ. ಇಎಲ್‌ಸಿಎಯಲ್ಲಿ ದೃಢೀಕರಣ ಆದ ಸದಸ್ಯರಿಗೆ ಓಟು ಬೇಕಿದ್ದರೆ ಆ ವರ್ಷವೋ ಹಿಂದಿನ ವರ್ಷವೋ ಸಂಸ್ಕಾರ ತೆಗೆದುಕೊಂಡಿರಬೇಕು, ಲೆಕ್ಕಕ್ಕೆ ಸಿಗುವಂತೆ ಏನಾದರೂ ಕಾಣಿಕೆ ಕೊಟ್ಟಿರಬೇಕು. ಆದ್ದರಿಂದ ನೋಟು ಹಾಗೇ ತಟ್ಟೆಗೆ ಹಾಕದೆ ಹೆಸರು ಬರೆದ ಕವರಿನಲ್ಲಿ ಹಾಕಿ. ವಾರ್ಷಿಕ ಸಭೆಗೆ ತಪ್ಪದೆ ಹೋಗಿ. ಪಾಸ್ಟರ್ ಸಂಬಳದಿಂದ ಹಿಡಿದು ಚಳಿಗಾಲದ ಹೀಟಿಂಗ್ ಬಿಲ್‌ವರೆಗೆ ಎಲ್ಲವನ್ನೂ ಸದಸ್ಯರ ಮುಂದೆ ಇಡುತ್ತಾರೆ, ಪ್ರಶ್ನೆ ಕೇಳುವ ಹಕ್ಕು ನಿಮಗೂ ಇದೆ.

ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೋಗುವುದಾದರೆ ಸುಮ್ನೆ ಕಾಣೆಯಾಗಬೇಡಿ. ಸಭೆಯ ಆಫೀಸಿಗೆ ತಿಳಿಸಿ ವರ್ಗಾವಣೆ ಪತ್ರ ಕೇಳಿ. ಹೊಸ ಊರಿನ ಲುಥೆರನ್ ಸಭೆಗೆ ಅದನ್ನು ಕಳಿಸುತ್ತಾರೆ, ಊರಿಗೇ ಮರಳುವುದಾದರೆ ನಿಮ್ಮ ಅಯ್ಯನವರ ಹೆಸರಿಗೂ ಬರೆದುಕೊಡುತ್ತಾರೆ.